ಕಾಲಡಿಯ ಬಿಲ್ಲೆ

ಹಟ್ಟಿಪಾಳ್ಯ, ಮಾಗಡಿ ತಾಲೂಕು
೧೮-೨-೨೦೨೫

ತಿಮ್ಮಮ್ಮಕ್ಕನ ಮಗಳು ವರಲಕ್ಷ್ಮಿಗೆ,

ಆಶೀರ್ವಾದವನ್ನು ಈ ಸಲ ಮೊದಲು ಬರೆಯುವುದಿಲ್ಲ. ಕೋಪ ಇಳಿದರೆ ಕೊನೆಗೆ ಬರೆಯುತ್ತೇನೆ. ಫೋನಿನಲ್ಲಿ ಬೈದರೆ ನೀನು ನಗುತ್ತೀಯ, ನಿನ್ನ ನಗು ಕೇಳಿ ನನಗೂ ನಗು ಬರುತ್ತದೆ, ಬೈಗುಳ ಹಾಳಾಗುತ್ತದೆ. ಅದಕ್ಕೇ ಕಾಗದ. ಏಳನೇ ಕ್ಲಾಸಿನಲ್ಲಿ ಇಡೀ ಸ್ಕೂಲಿಗೆ ನನ್ನ ಕೈಬರಹವೇ ಮೊದಲು, ಮೇಷ್ಟ್ರೇ ತಮ್ಮ ರಜಾ ಚೀಟಿಯನ್ನು ನನ್ನ ಹತ್ತಿರ ಬರೆಸುತ್ತಿದ್ದರು. ಆದ್ದರಿಂದ ಓದಲು ಆಗಲಿಲ್ಲ ಎಂಬ ನೆಪ ಬೇಡ.

ಮೊದಲು ಇದಕ್ಕೆ ಉತ್ತರ ಹೇಳು. ನೀನು ತೆಗೆದ ಚಿತ್ರದಲ್ಲಿ ನಮ್ಮ ಹೊಲದ ಹಾಸುಬಂಡೆಯ ಮೇಲೆ ನಿಮ್ಮ ರಾಮನಗರದ ಸ್ಟುಡಿಯೋದವರ ಹೆಸರಿನ ಬಿಲ್ಲೆ ಯಾಕೆ ಕೂತಿದೆ?

ಸಂಕ್ರಾಂತಿ ಕಳೆದು ನೀನು ಕ್ಯಾಮೆರಾ ಹೊತ್ತು ಬಂದಾಗ ಬೆನ್ನು ತಟ್ಟಿದವನು ನಾನು. ಸಾವನದುರ್ಗದ ಬುಡಕ್ಕೆ ಬರುವ ಪ್ರವಾಸಿಗರ ಕೈಗೆ ಟ್ಯಾಬು ಕೊಡುತ್ತಾರೆ, ಬೆರಳಲ್ಲಿ ಸವರಿದರೆ ಚಿತ್ರ ಸುತ್ತಲೂ ತಿರುಗುತ್ತದೆ, ತಲೆಯ ಮೇಲಿನ ಆಕಾಶವೂ ಕಾಣುತ್ತದೆ, ನಿಂತ ನೆಲವೂ ಕಾಣುತ್ತದೆ ಎಂದೆ. ಬೆಟ್ಟ ಇಡಿಯಾಗಿ ಕಾಣುವ ಜಾಗ ಬೇಕು ಎಂದೆ. ತಾಲೂಕಿನಲ್ಲಿ ಅಂಥ ಜಾಗ ಇರುವುದೇ ಒಂದು, ಅದು ನನ್ನದು ಎಂದು ನಾನೇ ಕರೆದೊಯ್ದೆ. ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಕ್ಯಾಮೆರಾವನ್ನು ಚೂರು ಚೂರೇ ತಿರುಗಿಸಿ ನೀನು ಮೂವತ್ತಾರು ಫೋಟೋ ಹೊಡೆದೆ. ನೀನು ತಿರುಗಿಸಿದಂತೆಲ್ಲ ನಾನು ಕ್ಯಾಮೆರಾದ ಬೆನ್ನ ಹಿಂದೆ ಓಡುತ್ತಿದ್ದೆ, ಅರವತ್ತಾರರ ವಯಸ್ಸಿನಲ್ಲಿ. ಆದರೂ ಎರಡು ಕಡೆ ಸಿಕ್ಕಿಬಿದ್ದೆನಂತೆ, ಎರಡನ್ನೂ ನೀನು ಅಳಿಸಿದೆಯಂತೆ. ಅಳಿಸಿಕೋ, ಕೋಪ ಅದಕ್ಕಲ್ಲ. ಒಸಿ ಅದಕ್ಕೂ ಇದೆ ಅನ್ನು.

ಬೆಟ್ಟದ ಬುಡದಲ್ಲಿ ಟೀ ಅಂಗಡಿ ಇಟ್ಟಿರುವ ಲೋಕೇಶನಿಗೆ, ನನ್ನ ಬಂಡೆ ಟ್ಯಾಬಿನಲ್ಲಿ ಬರುತ್ತದೆ ನೋಡ್ತಾ ಇರು ಎಂದು ತಿಂಗಳಿಂದ ಹೇಳಿದ್ದೆ. ಅವನು ನೋಡಿ ಬಂದು, "ಏನಣ್ಣೋ, ನಿನ್ ಬಂಡೆ ಮ್ಯಾಲೆ ಯಾರೋ ರೊಟ್ಟಿ ತಟ್ಟವ್ರೆ" ಅಂದ. ಅದನ್ನೂ ನುಂಗಿಕೊಂಡೆ. ಮೊನ್ನೆ ನೀನು ಫೋನ್ ಮಾಡಿ ಏನೆಂದೆ? "ಮಾವ, ಅವ್ವಂಗೆ ಟ್ಯಾಬಲ್ಲಿ ತೋರಿಸ್ದೆ. ಬೆಟ್ಟ ನೋಡುದ್ಲು, ಹುಣಸೆಮರ ನೋಡುದ್ಲು. ಆಮೇಲೆ ನೆಲ ನೋಡ್ಬುಟ್ಟು, ಹೇಳ್ದಂಗೇ ಮಾಡವ್ನೆ ಅಂತ ಟ್ಯಾಬ್ ಬೋರಲು ಹಾಕಿ ಎದ್ದೋದ್ಲು. ಯಾಕ್ ಮಾವ?" ಯಾಕೆಂದು ನನ್ನನ್ನೇ ಕೇಳುತ್ತೀಯ.

ಹೇಳುತ್ತೇನೆ. ಆರು ವರ್ಷದಿಂದ ನಿಮ್ಮವ್ವ ಚನ್ನಪಟ್ಟಣ ಬಿಟ್ಟು ಈ ಊರಿಗೆ ಕಾಲಿಟ್ಟಿಲ್ಲ. ಜಮೀನಿನ ಜಗಳ ಎಂದು ನೀನು ತಿಳಿದಿದ್ದೀಯ. ಅಲ್ಲ. ಆ ಬಂಡೆಯ ನಟ್ಟನಡುವೆ ಹದಿನಾಲ್ಕು ಗುಳಿಗಳಿವೆ, ಅಳಗುಳಿಮಣೆಯವು. ಕುರಿ ಕಾಯುವಾಗ ನಾವಿಬ್ಬರೂ ಆಡಲೆಂದು ಅಕ್ಕ ಹನ್ನೆರಡನೇ ವಯಸ್ಸಿನಲ್ಲಿ ಉಳಿ ಹಿಡಿದು, ಹೆಬ್ಬೆರಳು ಜಜ್ಜಿಸಿಕೊಂಡು, ಎರಡು ಬೇಸಿಗೆ ಕೊರೆದದ್ದು. ಹುಣಸೆಬೀಜ ಸಾಲದಿದ್ದರೆ ಕುರಿಹಿಕ್ಕೆ ಹಾಕಿ ಆಡುತ್ತಿದ್ದೆವು. ಒಂದು ದಿನವೂ ನಾನು ಸೋತವನಲ್ಲ. ಆರು ವರ್ಷದ ಹಿಂದೆ ಆ ಬಂಡೆಯ ಮೇಲೆ ರಾಗಿ ಒಕ್ಕುವಾಗ, ಕಾಳೆಲ್ಲ ಗುಳಿ ಸೇರುತ್ತದೆ ಎಂದು ಗೊಣಗಿದೆ. ಅದಕ್ಕವಳು, ಆಳುಗಳೆದುರಿಗೇ, "ನಿನ್ ರಾಗಿ ಹಾಳಾಗೋಗ್ಲಿ, ನನ್ ಗುಳಿ ಮುಟ್ಟಿದ್ರೆ ನೋಡ್ಲಾ ಪುಟ್ಟ" ಎಂದಳು. ನನಗೂ ಸಿಟ್ಟು ಬಂತು. ಮುಂದಿನ ವಾರ ಫೋನ್ ಮಾಡಿ, "ಸಿಮೆಂಟ್ ಮೆತ್ತಿಸ್ಬುಟ್ಟೆ ಕಣಕ್ಕ, ಈಗ ಕನ್ನಡಿ ಇದ್ದಂಗೈತೆ" ಎಂದೆ.

ಮೆತ್ತಿಸಿರಲಿಲ್ಲ. ಒಂದು ಬಾಂಡಲಿ ಸಿಮೆಂಟೂ ತಂದಿರಲಿಲ್ಲ. ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳಲು ಆರು ವರ್ಷ ಬಾಯಿ ಬರಲಿಲ್ಲ. ನಿನ್ನ ಚಿತ್ರ ಬಂದರೆ ನಾನು ತುಟಿ ಬಿಚ್ಚದೆಯೇ ಅವಳು ಕಣ್ಣಾರೆ ನೋಡುತ್ತಾಳೆ ಎಂದುಕೊಂಡಿದ್ದೆ. ನೀನೇನು ಮಾಡಿದೆ? ಸ್ಟ್ಯಾಂಡಿನ ಕಾಲು ಕಾಣಬಾರದೆಂದು ಸರಿಯಾಗಿ ಆ ಗುಳಿಗಳ ಮೇಲೆಯೇ ದುಂಡನೆಯ ಮುದ್ರೆ ಒತ್ತಿದೆ. ಅದೂ ಬೂದು ಬಣ್ಣದ್ದು. ಲೋಕದಲ್ಲಿ ಇಷ್ಟು ಬಣ್ಣ ಇರುವಾಗ ಸಿಮೆಂಟಿನ ಬಣ್ಣವೇ ಬೇಕಿತ್ತೇ ನಿಮಗೆ? ನಾನು ಬಾಯಲ್ಲಿ ಹೇಳಿದ ಸುಳ್ಳನ್ನು ನಿನ್ನ ಕಂಪ್ಯೂಟರು ನಿಜ ಮಾಡಿ ನಮ್ಮಕ್ಕನ ಕೈಗೇ ಕೊಟ್ಟಿತು.

ಭಾನುವಾರ ಬಾ. ಸ್ಟ್ಯಾಂಡನ್ನು ಹತ್ತು ಹೆಜ್ಜೆ ಆಚೆ ನಿಲ್ಲಿಸು. ನಿಮ್ಮ ಬಿಲ್ಲೆಯನ್ನು ಅಲ್ಲಿ ಬೇಕಾದರೆ ಒತ್ತಿಕೊಳ್ಳಿ. ನಾನು ಗುಳಿಗಳ ಒಂದು ಬದಿಗೆ ಕೂರುತ್ತೇನೆ. ಈ ಸಲ ಓಡುವುದಿಲ್ಲ, ನನ್ನನ್ನು ಅಳಿಸಬೇಡ. ಎದುರು ಬದಿ ಖಾಲಿ ಇರಲಿ.

ಕೋಪ ಇನ್ನೂ ಇಳಿದಿಲ್ಲ. ಆದರೂ ಆಶೀರ್ವಾದ.

ನಿನ್ನ ಸೋದರಮಾವ
ಪುಟ್ಟಲಿಂಗಯ್ಯ

ತಾ.ಕ.: ಆವತ್ತು ಗುಳಿಗಳಲ್ಲಿ ಹುಣಸೆಬೀಜ ಇದ್ದದ್ದನ್ನು ನೋಡಿ, ಸ್ಟ್ಯಾಂಡ್ ಪಕ್ಕಕ್ಕೆ ಇಡಲಾ ಮಾವ ಎಂದು ನೀನು ಕೇಳಿದ್ದೆ. ಯಾವುದೋ ಹೈಕ್ಳು ಆಡಿರ್ತವೆ, ನೀನು ನಡುಮಧ್ಯಕ್ಕೇ ಇಡು, ನಡುವೆ ಇರೋದೇ ಚೆನ್ನಾಗಿ ಕಾಣೋದು ಅಂದವನು ನಾನೇ. ಬೀಜ ಇಟ್ಟಿದ್ದವನೂ ನಾನೇ, ಗುಳಿಗೆ ಐದರಂತೆ. ಹಿಂದಿನ ಸಲ ಗೆದ್ದವರದೇ ಮೊದಲ ಆಟ, ಅಂದರೆ ಅಕ್ಕನದು. ಈ ಕಾಗದವನ್ನು ಅವಳಿಗೆ ತೋರಿಸಬೇಡ. ಅವಳು ಕನ್ನಡಕ ಇಡುವ ಕಡೆ ಮರೆತು ಬಿಟ್ಟು ಹೋಗು.