ಕರ್ನಾಟಕದ ಚೌಕಕ್ಕೆ ಗುರುತು ಹಾಕುವ ಮುನ್ನ

ಎರಡನೆಯ ಬೇಸಿಗೆ, ತಿಂಗಳ ನಲವತ್ತೊಂದನೇ ದಿನ, ೨೨೦೭
ಮೊಗಶಾಲೆ, ಉತ್ತರದ ಅಂಗಳ

ಪಂಕಜಾ ಅವರಿಗೆ,

ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ, ತಿಂಗಳಿಗೆ ನಲವತ್ತೈದು ದಿನ. ನನ್ನ ಕನ್ನಡ ನಿಮಗೆ ಬಿಗಿಯಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಸಾಹಿತ್ಯದ ತರಗತಿಯಲ್ಲಿ ಓದಿ ಕಲಿತೆ, ಯಾರೊಡನೆಯೂ ಆಡಿ ಕಲಿತದ್ದಲ್ಲ. ಹೇಗೂ ಮಾತಾಡುವುದಕ್ಕಿಂತ ಬರೆಯುವುದೇ ನನಗೆ ಸಲೀಸು.

ಮೊಗಶಾಲೆ ಎಂದರೆ ಹಳೆಯ ಅಂತರ್ಜಾಲದಲ್ಲಿ ಜನ ತಮ್ಮ ಬಗ್ಗೆ ತಾವೇ ಬರೆದುಕೊಂಡ ಪುಟಗಳನ್ನು ಕಾಪಾಡಿಡುವ ಕಟ್ಟಡ. ಪದವಿ ಮುಗಿದ ಮೇಲೆ ನನಗೆ ಇಲ್ಲಿ ಕಪಾಟು ಕಾಯುವ ಕೆಲಸ ಸಿಕ್ಕಿತು. ಒಬ್ಬೊಬ್ಬ ಕಾವಲಿಗರಿಗೆ ಇನ್ನೂರು ಪುಟ. ನನ್ನ ಇನ್ನೂರರಲ್ಲಿ ನಿಮ್ಮದೂ ಒಂದು. ಪುಟದ ಜೊತೆಗೆ ನಿಮ್ಮ ಫೋನಿನಲ್ಲಿದ್ದ ಧ್ವನಿ ಸಂದೇಶಗಳೂ, ಬರೆದು ಅಳಿಸಿದ ಕರಡುಗಳೂ ಬಂದಿವೆ. ನಿಮ್ಮನ್ನು ಕೇಳದೆ ಎಲ್ಲವನ್ನೂ ಓದಿದ್ದೇನೆ, ಕೇಳಿದ್ದೇನೆ. ಅದಕ್ಕೂ ಕ್ಷಮೆ ಇರಲಿ.

ನಿಮ್ಮ ಕರಡುಗಳ ಮುಂದೆ ನಾನು ಅಷ್ಟು ಹೊತ್ತು ಕೂತದ್ದಕ್ಕೆ ಕಾರಣವಿದೆ. ನಮ್ಮ ಕಾಲದಲ್ಲಿ ಯಾರೂ ತಮ್ಮ ಬಗ್ಗೆ ತಾವು ಬರೆದುಕೊಳ್ಳುವಂತಿಲ್ಲ. ಮಗು ಹುಟ್ಟಿದ ವಾರದಲ್ಲೇ ಅದಕ್ಕೊಂದು ಪುಟ ಸಿಗುತ್ತದೆ. ಪರಿಚಯಗಾರರು ಎಂಬವರು ಐದು ವರ್ಷಕ್ಕೊಮ್ಮೆ ಬಂದು ನೆರೆಯವರನ್ನು, ಜೊತೆಗೆ ಕೆಲಸ ಮಾಡುವವರನ್ನು ಕೇಳಿ ಅದನ್ನು ತುಂಬಿಸುತ್ತಾರೆ. ಅದರಲ್ಲಿ ಗಂಡು, ಹೆಣ್ಣು ಎಂಬ ಖಾನೆಯೇ ಇಲ್ಲ. ಇದನ್ನು ಹೇಳಿದರೆ ನಿಮಗೆ ಖುಷಿಯಾದೀತು ಎಂದು ಮೊದಲು ಅಂದುಕೊಂಡಿದ್ದೆ. ಆಮೇಲೆ ನಿಮ್ಮ ಮೊದಲ ಕರಡು ನೋಡಿದೆ. ಅದರಲ್ಲಿ ನೀವು ತುಂಬಿದ್ದ ಮೊದಲ ಖಾನೆಯೇ ಅದು. "ಹೆಣ್ಣು" ಎಂದು ಬರೆದು, ಪಕ್ಕದಲ್ಲಿ ಒಂದು ಪೂರ್ಣವಿರಾಮ ಇಟ್ಟಿದ್ದಿರಿ.

ಆಗ ನಿಮಗೆ ಇಪ್ಪತ್ತಾರು ವರ್ಷ. ಕೊಪ್ಪಳದ ಕಡೆಯ ಊರು ಬಿಟ್ಟು ಹುಬ್ಬಳ್ಳಿಯಲ್ಲಿ ಮಹಡಿ ಮೇಲಿನ ಒಂದು ಕೋಣೆ ಹಿಡಿದಿದ್ದಿರಿ. ಕ್ಯಾಮೆರಾ ಮುಂದೆ ಕೂತು, ದೂರದೂರಿನ ನೋಡುಗರೊಡನೆ ಮಾತಾಡುತ್ತ, ಅವರಿಗೆ ಬೇಕಾದ ಹಾಗೆ ಕಾಣಿಸಿಕೊಳ್ಳುವ ಕೆಲಸ. ಅದಕ್ಕೊಂದು ಪ್ರೊಫೈಲ್ ಬೇಕಿತ್ತು. ಪುಣೆಯಲ್ಲಿದ್ದ ಸೋನಾಲಿ ನಿಮಗಿಂತ ನಾಲ್ಕು ವರ್ಷ ಮೊದಲು ಈ ಕೆಲಸಕ್ಕೆ ಇಳಿದವರು. ಮನೆ ಬಿಟ್ಟು ಬಂದ ನಿಮ್ಮಂಥವರನ್ನು ಮಗಳಾಗಿ ಸೇರಿಸಿಕೊಂಡ ನಿಮ್ಮ ಗುರುವಿಗೇ ಚೇಲಾ, ಅಂದರೆ ಶಿಷ್ಯೆ, ಆಗಿದ್ದವರು, ಹಾಗಾಗಿ ನಿಮಗೆ ಅಕ್ಕ. ನಿಮ್ಮ ಮೊದಲ ಕರಡನ್ನು ಓದಿ ಅವರು ನಕ್ಕ ನಗು ಈ ಕಟ್ಟಡದ ಗೋಡೆಗಳಿಗೆಲ್ಲ ಈಗ ಪರಿಚಯ.

"ಲೇ ಹುಚ್ಚಿ, ಎತ್ತರ ಐದೂವರಿ, ಎಣ್ಣಿಗೆಂಪು ಬಣ್ಣ, ರೊಟ್ಟಿ ಬಡಿಯಾಕ ಬರ್ತೈತಿ, ಹಿರ್‍ಯಾರಿಗೆ ಗೌರವ ಕೊಡ್ತೀನಿ! ವರಾ ಹುಡಕಾಕತ್ತೀಯೇನ ನೀ?"

"ಮತ್ತ ನನಗೇನ್ ಗೊತ್ತಕ್ಕಾ? ನಾ ನೋಡಿದ್ದು ನಮ್ಮ ಗಿರಿಜಾನ ಬಯೋಡಾಟಾ ಒಂದ. ಅದನ್ನ ನೋಡಿ ಬರದೆ."

ಗಿರಿಜಾ ನಿಮ್ಮ ತಂಗಿ. ಮನೆಯಲ್ಲಿ ಆಗ ಅವರ ಮದುವೆಯ ಮಾತು ನಡೆದಿತ್ತು. ಊರು ಬಿಡುವ ಮುನ್ನ ಅವರ ಬಯೋಡಾಟಾವನ್ನು ಚಂದದ ಕೈಬರಹದಲ್ಲಿ ಬರೆದುಕೊಟ್ಟವರು ನೀವೇ.

ಫೋಟೋಗಳಿಗೂ ಸೋನಾಲಿ ಬೈದರು. "ಮೂರರಾಗೂ ಗ್ವಾಡಿ ಕಡೆ ಮಾರಿ ಮಾಡಿ ನಿಂತೀಯಲ್ಲ ತಂಗಿ, ಗ್ವಾಡಿ ನೋಡಾಕ ಯಾರ್ ಬರ್ತಾರ? ಕಿಟಕಿ ಎದುರಿಗೆ ಕುಂದ್ರು. ಬೆಳಕು ಮಾರಿ ಮ್ಯಾಲೆ ಬೀಳಬೇಕು. ಹಿಂದ ಏನೂ ಕಾಣಬಾರದು, ಕ್ಯಾಲೆಂಡರ್ ತಗಿ, ಅದರಾಗ ಅಂಗಡಿ ಹೆಸರೈತಿ." ಆ ಮಧ್ಯಾಹ್ನ ನೀವು ಕ್ಯಾಲೆಂಡರ್ ತೆಗೆದಿರಿ. ಮೊಳೆ ಹಾಗೇ ಉಳಿಯಿತು. ಅದಕ್ಕೊಂದು ದುಪಟ್ಟಾ ಇಳಿಬಿಟ್ಟಿರಿ. ಎಂಟನೆಯ ಫೋಟೋದಲ್ಲಿ ನಿಮ್ಮ ಮುಖ ಮೊದಲ ಸಲ ಪೂರ್ತಿ ಕಾಣುತ್ತದೆ. ಯಾರೋ ಕರೆದರೆಂದು ತಿರುಗಿದ ಹಾಗಿದೆ.

ಖಾನೆಯ ವಿಷಯಕ್ಕೆ ನೀವಿಬ್ಬರೂ ಒಂದು ದಿನ ಮಾತು ಬಿಟ್ಟಿದ್ದಿರಿ. ಸೈಟಿನಲ್ಲಿ ಹೆಂಗಸರ ಪಟ್ಟಿ ಬೇರೆ, ಟ್ರಾನ್ಸ್ ಪಟ್ಟಿ ಬೇರೆ. "ನೀ ಹೆಣ್ಣು ಅನ್ನೂದು ನನಗ ಗೊತ್ತಿಲ್ಲೇನ?" ಎಂದರು ಸೋನಾಲಿ, ಮೆತ್ತಗೆ. "ಆದ್ರ ಟ್ರಾನ್ಸ್ ಪಟ್ಟಿಯೊಳಗಿದ್ರ ನಿನ್ನ ಹುಡಕಾವ್ರು ನಿನ್ನ ಹತ್ರ ಬರ್ತಾರ. ಇಲ್ಲಂದ್ರ ಬಂದು, ನೋಡಿ, ಬೈದು ಹೋಗ್ತಾರ. ದಿನಾ ಬೈಸ್ಕೊಳ್ಳಾಕ ಆಗಂಗಿಲ್ಲವಾ." ಮರುದಿನ ಪಟ್ಟಿ ಬದಲಾಗಿತ್ತು. ಪರಿಚಯದ ಸಾಲುಗಳಲ್ಲಿ ಮಾತ್ರ ನೀವು ಬಿಟ್ಟುಕೊಡಲಿಲ್ಲ. ಏಳನೆಯ ಕರಡು ಹೀಗಿದೆ: "ನಾನು ಚಿಗರಿ. ನಗುವುದು ಸ್ವಲ್ಪ ತಡ, ನಕ್ಕರೆ ಪೂರ್ತಿ ನಗುತ್ತೇನೆ. ಮಧ್ಯಾಹ್ನ ಮೂರರಿಂದ ಆರರವರೆಗೆ ಇರುತ್ತೇನೆ. ಬಂದ ಕೂಡಲೇ ಬಟ್ಟೆಯ ಮಾತೆತ್ತಬೇಡಿ, ಮೊದಲು ಹೇಗಿದ್ದೀ ಎಂದು ಕೇಳಿ. ನಾನು ಹೆಣ್ಣು, ಹಾಗೆಂದೇ ಮಾತಾಡಿಸಿ." ನಾನು ಓದಿದ ಸಾಹಿತ್ಯದಲ್ಲಿ ಇಷ್ಟು ಸ್ಪಷ್ಟವಾಗಿ ತನ್ನನ್ನು ಹೇಳಿಕೊಂಡವರು ಕಡಿಮೆ.

ಚಿಗರಿ, ಅಂದರೆ ಜಿಂಕೆ, ಎಂಬ ಹೆಸರಿಟ್ಟವರು ಗಿರಿಜಾ. ಚಿಕ್ಕವರಾಗಿದ್ದಾಗ ನೀವು ಅವರ ಲಂಗ ತೊಟ್ಟುಕೊಂಡಿದ್ದಿರಿ, ಅಣ್ಣ ಬಂದದ್ದು ಕಂಡು ಹೊಸ್ತಿಲು ಹಾರಿ ಓಡಿದ್ದಿರಿ. ಆ ಹೆಸರು ನಿಮ್ಮಿಬ್ಬರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಇನ್ನು ಆ ಚೌಕದ ವಿಷಯ. ನಿಮ್ಮ ಕೆಲಸದವರೆಲ್ಲ ಮಾಡುತ್ತಿದ್ದ ಹಾಗೆ, ಕೊನೆಯ ಪುಟದಲ್ಲಿ ನಿಮ್ಮನ್ನು ಯಾವ ಪ್ರದೇಶದವರು ನೋಡಬಾರದೆಂದು ಗುರುತು ಹಾಕಬೇಕಿತ್ತು. ಊರಿನ ಯಾರಾದರೂ ನೋಡಿ ಅಣ್ಣನಿಗೆ ತೋರಿಸಿದರೆ ಗಿರಿಜಾ ಮದುವೆ ಮುರಿಯುತ್ತದೆ ಎಂಬ ಹೆದರಿಕೆ ನಿಮಗೆ. ಕರ್ನಾಟಕ ಎಂಬ ಹೆಸರಿನ ಪಕ್ಕದ ಚೌಕಕ್ಕೆ ಗುರುತು ಹಾಕಿದಿರಿ. ಅದೇ ದಿನ ನಿಮ್ಮ ಫೋನ್ ನಂಬರನ್ನೂ ಬದಲಾಯಿಸಿದಿರಿ. ಹೊಸದನ್ನು ಸೋದರಮಾವನಿಗೆ ಮಾತ್ರ ಕೊಟ್ಟಿರಿ, ತಂಗಿಗೆ ಹೇಳಲಿಲ್ಲ.

ಆಮೇಲೆ ನಡೆದದ್ದು ನಿಮಗೆ ಗೊತ್ತಾಗಲೇ ಇಲ್ಲ. ಅದಕ್ಕೇ ಈ ಪತ್ರ.

ಮುಚ್ಚಿದ ಪುಟದ ಬಾಗಿಲಿಗೆ ಯಾರಾದರೂ ಬಂದು ಹೋದರೆ ಅದರ ಗುರುತು ನಮ್ಮ ಕಪಾಟಿನಲ್ಲಿ ಉಳಿದಿರುತ್ತದೆ. ನಾವು ಅದನ್ನು ತಟ್ಟುಗುರುತು ಎನ್ನುತ್ತೇವೆ. ನಿಮ್ಮ ಪುಟಕ್ಕೆ ಕೊಪ್ಪಳದ ಕಡೆಯಿಂದ, ಒಂದೇ ಫೋನಿನಿಂದ, ಎರಡು ವರ್ಷದ ತಟ್ಟುಗುರುತುಗಳಿವೆ. ಅದು ಗಿರಿಜಾ. ಚಿಗರಿ ಎಂಬ ಹೆಸರು ಹಾಕಿ ಹುಡುಕಿದ್ದರು. ಪುಟ ಸಿಕ್ಕಿತು, ತೆರೆಯಲಿಲ್ಲ. ಪುಟ ತೆರೆಯಲಾಗದವರು ಸೈಟಿನವರಿಗೆ ದೂರು ಬರೆಯಲು ಕೆಳಗೊಂದು ಜಾಗವಿತ್ತು. ಅಲ್ಲಿ ಬರೆದದ್ದು ನಿಮಗೆ ಮುಟ್ಟುತ್ತದೆ ಎಂದು ಅವರು ತಿಳಿದರು.

"ಅಕ್ಕಾ, ಚಿಗರಿ ಅಂತ ಹೆಸರಿಟ್ಟಾಕಿ ನಾನ. ನನಗ ಬಾಗಲಾ ತಗಿಯಂಗಿಲ್ಲಂದ್ರ ಹ್ಯಾಂಗ?"

"ಮದುವಿ ಆತು. ನಿನಗಂತ ಹಸರು ಸೀರಿ ತಗೊಂಡೇನಿ. ಅಣ್ಣ ಕೇಳಿದ, ಯಾರಿಗಂತ. ನನಗ ಅಂದೆ."

"ನೀ ಅದರಾಗ ಏನ್ ಮಾಡ್ತಿ ನನಗ ಗೊತ್ತೈತಿ. ಹೇಳಬ್ಯಾಡ. ಮಾರಿ ಒಂದ್ಸಲ ತೋರಸು ಸಾಕು."

ಪ್ರತಿ ಸಲವೂ ಯಂತ್ರ ಒಂದೇ ಉತ್ತರ ಕೊಟ್ಟಿದೆ: ನಿಮ್ಮ ದೂರು ತಲುಪಿದೆ.

ಹಸಿರು ಸೀರೆಯ ಚೀಟಿ ಬಂದ ವಾರವೇ ನೀವು ಸೋನಾಲಿಗೆ ಕಳಿಸಿದ ಸಂದೇಶವೂ ನನ್ನ ಬಳಿ ಇದೆ. "ಮದುವಿ ಆಗಿರಬೇಕು ಅಕ್ಕಾ. ನನ್ನ ಹೊಸಾ ನಂಬರ್ ಸೋದರಮಾವನ ಹತ್ರ ಐತಿ, ಬೇಕಾದ್ರ ಕೇಳ್ತಿದ್ಲು. ಆಕಿ ಮರತ್ಲು." ಸೋನಾಲಿ, "ನೀನ ಒಂದು ಫೋನ್ ಹಚ್ಚು," ಎಂದರು. "ಆಕಿ ಮೊದಲ ಹಚ್ಚಲಿ" ಎಂದಿರಿ. ಆ ಚೀಟಿ, ಈ ಸಂದೇಶ ಎರಡನ್ನೂ ಒಂದೇ ಮೇಜಿನ ಮೇಲಿಟ್ಟುಕೊಂಡು ಕೂತ ದಿನ ನಾನು ಊಟಕ್ಕೆ ಏಳಲಿಲ್ಲ.

ಕೊನೆಯ ಚೀಟಿ ಇದು: "ಸಿಟ್ಟಾಗೀಯೇನ? ಆತು, ಇನ್ನ ಬರಿಯಂಗಿಲ್ಲ. ನನ್ನ ನಂಬರ್ ಅದ ಐತಿ." ಮರುವರ್ಷ ನಿಮ್ಮ ಪುಟವೂ ನಿಂತಿತು. ಅಲ್ಲಿಂದ ಮುಂದೆ ನಿಮ್ಮಿಬ್ಬರದೂ ನನಗೆ ಏನೂ ಗೊತ್ತಿಲ್ಲ. ಹುಡುಕಿದ್ದೇನೆ.

ನಮ್ಮಲ್ಲಿ ಪ್ರತಿಯೊಬ್ಬ ಕಾವಲಿಗರಿಗೂ ಜೀವಮಾನದಲ್ಲಿ ಒಂದು ಹಿಂದೋಲೆಗೆ ಅನುಮತಿ ಇದೆ. ಹಿಂದೋಲೆ ಎಂದರೆ ಹಿಂದಿನವರಿಗೆ ಕಳಿಸುವ ಪತ್ರ. ಅದು ನಿಮ್ಮ ಕರಡುಗಳ ನಡುವೆ, ಏಳನೆಯದರ ಕೆಳಗೆ, ನೀವು ಚೌಕಕ್ಕೆ ಗುರುತು ಹಾಕುವ ಮುನ್ನವೇ ಬಂದು ಕೂರಬೇಕು. ಹೆಚ್ಚಿನವು ತಲುಪುವುದಿಲ್ಲ ಎನ್ನುತ್ತಾರೆ. ಜೊತೆಯವರು ದೊಡ್ಡ ದೊಡ್ಡ ಜನರಿಗೆ ಬರೆಯಲು ಅದನ್ನು ಉಳಿಸಿಕೊಂಡಿದ್ದಾರೆ. ನನಗೆ ಬೇರೆ ಯಾರೂ ತೋಚಲಿಲ್ಲ.

ಚೌಕಕ್ಕೆ ಗುರುತು ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಅಣ್ಣನ ಕೈ ಎಂಥದೆಂದು ನಿಮ್ಮ ಸಂದೇಶಗಳಲ್ಲಿ ಕೇಳಿದ್ದೇನೆ. ಹಾಕಿ, ಬಾಗಿಲು ಭದ್ರವಾಗಿರಲಿ. ಆದರೆ ಅದಕ್ಕೆ ಮೊದಲು, ಹಳೆಯ ಸಿಮ್ ತೆಗೆಯುವ ಮೊದಲು, ಗಿರಿಜಾಗೆ ಒಂದು ಫೋನ್ ಮಾಡಿ. ಅಣ್ಣ ಎತ್ತಿದರೆ ಇಟ್ಟುಬಿಡಿ, ಮತ್ತೆ ಮಾಡಿ. ಮದುವೆಯಾದ ಮೇಲೂ ಅವರ ನಂಬರ್ ಬದಲಾಗುವುದಿಲ್ಲ, ಇದು ನನಗೆ ಖಚಿತವಾಗಿ ಗೊತ್ತು. ಮೊದಲು ಅವಳೇ ಮಾಡಲಿ ಎಂದು ಕಾಯಬೇಡಿ. ಅವಳು ಮಾಡಿದ್ದಾಳೆ.

ನಾಳೆ ಬೆಳಿಗ್ಗೆ ನಿಮ್ಮ ಕಪಾಟು ತೆರೆಯುತ್ತೇನೆ. ಈ ಪತ್ರ ನಿಮಗೆ ಸಿಕ್ಕಿದ್ದರೆ ಅಲ್ಲಿ ಚೀಟಿಗಳು ಇರುವುದಿಲ್ಲ, ಅವು ಬರೆಯಲ್ಪಟ್ಟೇ ಇರುವುದಿಲ್ಲ. ಆಗ ಗಿರಿಜಾ ಯಾರೆಂದು ನನಗೆ ತಿಳಿದಿರುವುದಿಲ್ಲ, ನಿಮಗೆ ಬರೆದೆನೆಂಬುದೂ ನೆನಪಿರುವುದಿಲ್ಲ. ನೀವು ನನ್ನ ಇನ್ನೂರು ಪುಟಗಳಲ್ಲಿ ಒಂದಾಗಿ ಉಳಿಯುತ್ತೀರಿ, ನಾನು ಧೂಳು ಒರೆಸಿ ಮುಂದಕ್ಕೆ ಹೋಗುತ್ತೇನೆ. ಹಾಗೇ ಆಗಲಿ, ಪಂಕಜಾ. ಚೀಟಿಗಳು ಇದ್ದರೆ ಮಾತ್ರ ನನಗೆ ನಿಮ್ಮ ನೆನಪು ಉಳಿಯುತ್ತದೆ, ಮತ್ತು ಅವು ಇರಬಾರದೆಂದು ನಾನು ಬೇಡಿಕೊಳ್ಳುತ್ತಿದ್ದೇನೆ.

ಇತಿ,
ನಿಮ್ಮ ಕಪಾಟಿನ ಕಾವಲಿನವಳು,
ಮೇದಿನಿ