ಬ್ಯಾಗ್ ಕಾಯುವವರ ಜಾಗ

ಸೊಕ್ಕೆ,
22 ಜನವರಿ 2025

ಮಗಳು ಚೈತ್ರಶ್ರೀಗೆ ನಿನ್ನವ್ವನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ನನ್ನ ಮೊಣಕಾಲು ನೋವೂ ಚೆನ್ನಾಗಿಯೇ ಇದೆ.

ಫೋನು ಸಮುದ್ರದ ಪಾಲಾಯಿತಲ್ಲ, ಅದಕ್ಕೇ ಈ ಪತ್ರ. ಪಕ್ಕದ ಮನೆ ಕೆಂಪಕ್ಕ ಸ್ಪೀಕರ್ ಹಾಕದೆ ತನ್ನ ಫೋನನ್ನು ಯಾರಿಗೂ ಕೊಡುವುದಿಲ್ಲ. ಮೊನ್ನೆ ನೀನು ಹೇಳಿದ್ದನ್ನು ಓಣಿಯೆಲ್ಲ ಕೇಳಿತು. ಅಳಿಯಂದಿರ ಹತ್ತಿರ ನಾನು ತಪ್ಪಾಯಿತು ಅನ್ನಬೇಕು, ಇಲ್ಲದಿದ್ದರೆ ಇನ್ನು ಯಾವ ಟ್ರಿಪ್ಪಿಗೂ ಕರೆಯುವುದಿಲ್ಲ, ಯುಗಾದಿಗೆ ಹೊನ್ನಾಳಿಯ ನಿಮ್ಮ ಮನೆಗೂ ಬರುವುದು ಬೇಡ. ಇಷ್ಟೇ ತಾನೆ?

ಅನ್ನುವುದಿಲ್ಲ ಕಣವ್ವ. ಈ ಪತ್ರವನ್ನು ಮಾತ್ರ ಅಳಿಯ ಮಾರುತೇಶ್ ಅವರಿಗೆ ತೋರಿಸಬೇಡ, ಸುಮ್ಮನೆ ನಿನಗೆ ಮಾತು ಬರುತ್ತದೆ.

ನಿನ್ನ ಮದುವೆಯಾಗಿ ಐದು ವರ್ಷ. ವರ್ಷಕ್ಕೊಂದು ಸಲ ಬೆಳಗಿನ ಜಾವ ಹೊರಟು ಕಡಲು ನೋಡಿ ಬರುವುದು ನಿಮ್ಮ ಮನೆಯ ಪದ್ಧತಿ. ಮಲ್ಪೆ, ಮರವಂತೆ, ಗೋಕರ್ಣ, ಮುರುಡೇಶ್ವರ, ಎಲ್ಲ ಕಡೆಗೂ ಪ್ರೀತಿಯಿಂದಲೇ ಕರೆದುಕೊಂಡು ಹೋದಿರಿ. ನಾನೂ ಹಿಂದಿನ ದಿನವೇ ಬಂದು ಸಜ್ಜೆ ರೊಟ್ಟಿ ತಟ್ಟಿ, ಶೇಂಗಾ ಚಟ್ನಿಪುಡಿ ಕುಟ್ಟಿದೆ. ಮರಳ ಮೇಲೆ ಚಾಪೆ ಹಾಸಿದ ಕೂಡಲೇ ಎಲ್ಲರದೂ ಒಂದೇ ಮಾತು, ಅವ್ವ ಅದಾರಲ್ಲ, ಬ್ಯಾಗ್ ನೋಡ್ಕಂತಾರೆ ಅಂತ. ಚಪ್ಪಲಿ, ಪರ್ಸು, ಒಣಬಟ್ಟೆಗಳ ನಡುವೆ ಕೂತು ನಾಲ್ಕು ಸಲ ಸಮುದ್ರ ನೋಡಿದೆ. ಅದರ ನೀರು ಉಪ್ಪು ಅಂತ ನನಗೆ ಗೊತ್ತಿದ್ದದ್ದು ಶಾಲೆಯಲ್ಲಿ ಓದಿದ್ದರಿಂದ ಮಾತ್ರ.

ಈ ಸಲ ಹೊನ್ನಾವರದ ಹತ್ತಿರ ನೀರಿನ ಅಂಚಿಗೇ ಚಾಪೆ ಹಾಸಿಸಿದವರು ಯಾರು? ಎಳನೀರು ಮಾರುವ ಹೆಂಗಸು ನೀರು ಏರುತ್ತದೆ, ಮೇಲೆ ಹೋಗಿ ಅಂದಳು. ಅಳಿಯಂದಿರು ನಕ್ಕು, ನಾವೇನು ನೀರು ಕಾಣದೋರಾ ಅಂದರು. ಕಂಡಿದ್ದೇವೆ, ಆದರೆ ಕೆರೆ ನೀರು. ಅದು ಬೆಳಿಗ್ಗೆ ಎಲ್ಲಿತ್ತೋ ಸಂಜೆಗೂ ಅಲ್ಲೇ ಇರುತ್ತದೆ.

ನೀವೆಲ್ಲ ನೀರಿಗಿಳಿದಿರಿ. ಸ್ವಲ್ಪ ಹೊತ್ತಿಗೆ ನಾನೂ ಎದ್ದೆ. ಯಾರನ್ನೂ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊಣಕಾಲು ಮುಳುಗುವವರೆಗೆ ಹೋದೆ. ಕಾಲ ಕೆಳಗಿನ ಮರಳು ಜಾರಿ ಹೆದರಿಕೆಯಾಯಿತು, ಆಮೇಲೆ ನಗು ಬಂತು. ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡೆ. ಥೂ, ಎಂಥ ಉಪ್ಪು! ಐವತ್ತೆಂಟು ವರ್ಷದಲ್ಲಿ ಅಷ್ಟು ಸಂತೋಷ ನನಗೆ ಯಾವಾಗ ಆಗಿತ್ತೋ ನೆನಪಿಲ್ಲ.

ಅಷ್ಟರಲ್ಲಿ ಕಾರಿನ ಕೀಲಿ, ನನ್ನ ಫೋನು ಇದ್ದ ಬ್ಯಾಗನ್ನು ಅಲೆ ಎಳೆದುಕೊಂಡು ಹೋಯಿತು. ಹೊನ್ನಾಳಿಯಿಂದ ಇನ್ನೊಂದು ಕೀಲಿ ಬರುವವರೆಗೆ ಐದು ಗಂಟೆ ಕಾದೆವು. ನಿನ್ನ ಅತ್ತೆ, ನಾದಿನಿಯ ಎದುರಿಗೇ ಅಳಿಯಂದಿರು, ಒಂದು ಬ್ಯಾಗ್ ನೋಡ್ಕಳಾಕೂ ಆಗಲ್ಲ ಅಂದ್ರೆ ಇವರನ್ನ ಯಾಕೆ ಕರ್ಕಂಡ್ ಬರಬೇಕಿತ್ತು ಅಂದರು.

ನನಗೆ ಸಿಟ್ಟು ಬಂದಿದ್ದು ಆ ಮಾತಿಗಲ್ಲ. ಉಳಿದ ಸಾಮಾನನ್ನು ಮೇಲೆ ತಂದಿಟ್ಟಾಗ, ಯಾರೂ ಹೇಳದಿದ್ದರೂ ನೀನು ಹೋಗಿ ಅದರ ನಡುವೆ ಕೂತೆ. ಉಳಿದವರು ಮತ್ತೆ ನೀರಿಗೆ ಹೋದರು. ಚಿಕ್ಕವಳಿದ್ದಾಗ ಊರ ಹಳ್ಳಕ್ಕೆ ನೀರು ಬಂದರೆ ನಿನ್ನನ್ನು ಎಳೆದು ತರಬೇಕಿತ್ತು. ಮೂವತ್ತಕ್ಕೇ ನನ್ನ ಜಾಗಕ್ಕೆ ಬಂದು ಕೂತೆಯಲ್ಲ ಅಂತ ಸಿಟ್ಟು ಬಂತು.

ಶಿವರಾತ್ರಿ ಮುಗಿದ ಭಾನುವಾರ ನಮ್ಮ ಸಂಘದ ಹೆಂಗಸರೆಲ್ಲ ಗಾಡಿ ಮಾಡಿಕೊಂಡು ಮುರುಡೇಶ್ವರಕ್ಕೆ ಹೊರಟಿದ್ದೇವೆ. ನನ್ನ ಪಕ್ಕದ ಸೀಟಿಗೆ ನಿನ್ನ ಹೆಸರು ಬರೆಸಿದ್ದೇನೆ. ಶನಿವಾರವೇ ಬಾ. ಮನೆಯಲ್ಲಿ ಬೇಡ ಅಂದರೆ ಅವ್ವ ಕರೆದಿದ್ದಾಳೆ ಅನ್ನು. ಬ್ಯಾಗ್ ಕಾಯಲು ಸರದಿ ಮಾಡಿಕೊಂಡಿದ್ದೇವೆ, ಒಬ್ಬೊಬ್ಬರಿಗೆ ಅರ್ಧ ಗಂಟೆ.

ತಪ್ಪಾಯಿತು ಅನ್ನದ ನಿನ್ನ ಅವ್ವ,
ಸಾವಂತ್ರಮ್ಮ

ಮತ್ತೊಂದು ಮಾತು: ಅಲೆ ಬ್ಯಾಗಿಗೆ ಮೊದಲ ಸಲ ತಾಗಿದ್ದನ್ನು ನಾನು ನೀರಿನಲ್ಲೇ ನಿಂತು ನೋಡಿದೆ. ಓಡಿದ್ದರೆ ಸಿಗುತ್ತಿತ್ತು, ಕೂಗಿದ್ದರೂ ಸಾಕಿತ್ತು. ಓಡಲಿಲ್ಲ, ಕೂಗಲಿಲ್ಲ. ಮುಂದಿನ ಅಲೆಗೆ ಬೆನ್ನು ಕೊಟ್ಟು ನಿಂತೆ. ಪತ್ರ ತೋರಿಸಬೇಡ ಅಂದಿದ್ದೆನಲ್ಲ, ತೋರಿಸು. ಈ ಮಾತನ್ನೂ ಬಿಡದೆ ಅಳಿಯಂದಿರಿಗೆ ಓದಿ ಹೇಳು.