ಮೀನಖಂಡದ ಹಚ್ಚೆ

ಮಾರ್ಚ್ ೧೨, ಮಂಗಳವಾರ

ಲಿಫ್ಟ್ ಜೋಡಿಸಲು ಈ ದೇಶಕ್ಕೆ ಬಂದು ನಾಲ್ಕು ದಿನವಾಯಿತು. ಬಾಡಿಗೆ ಮನೆಯ ಅಜ್ಜಿ ನನ್ನ ಕೋಣೆಗೆ ನೀರಿನ ಬಕೆಟ್ ಹಿಡಿದು ನನ್ನ ಹಿಂದೆಯೇ ಮೆಟ್ಟಿಲು ಹತ್ತುವಾಗ ಪದೇ ಪದೇ ನಿಲ್ಲುತ್ತಿದ್ದರು. ವಯಸ್ಸಾಗಿದೆ, ಸುಸ್ತು ಅಂದುಕೊಂಡಿದ್ದೆ. ಇವತ್ತು ತಿರುಗಿ ನೋಡಿದರೆ, ಬಕೆಟ್ ಕೆಳಗಿಟ್ಟು ನನ್ನ ಮೀನಖಂಡಕ್ಕೆ ಕೈಮುಗಿಯುತ್ತಿದ್ದಾರೆ! ಚೆಂದ ಕಂಡಿತೆಂದು ಹಾಕಿಸಿಕೊಂಡ ಹಚ್ಚೆ ಇವರ ದೇವರ ಗುರುತಂತೆ.

“ಮೊದಲೇ ಹೇಳಬಾರದಿತ್ತಾ ಅಜ್ಜಿ?”

“ಹೇಳಿದ್ರೆ ನಿಂಗೆ ಮುಜುಗರ ಆಗ್ತಿತ್ತು ಮಗಾ.”

ನಾಚಿಕೆಯಾಯಿತು ಎನ್ನಲಾರೆ, ಆ ಕಾಲು ನನ್ನದಲ್ಲ ಅನ್ನಿಸಿತು, ಅಷ್ಟೆ. ಚಡ್ಡಿ ಬದಲಿಸಿ ಪ್ಯಾಂಟ್ ಹಾಕಿಕೊಂಡೆ. ಸಂಜೆ ಮತ್ತೆ ಅದೇ ಕತೆ, ಅಜ್ಜಿ ನಿಂತು ಕೈಮುಗಿದರು.

“ಈಗ ಕಾಣಿಸ್ತಿಲ್ವಲ್ಲ?”

“ಕಾಣಿಸದಿದ್ರೆ ಇಲ್ಲ ಅಂತಲಾ?”

ನಾಳೆಯಿಂದ ಬಕೆಟ್ ನಾನೇ ಹಿಡಿದು ಅವರ ಹಿಂದೆ ಹತ್ತುತ್ತೇನೆ.